ಕೋಡಿಂಗ್ ಕಲಿಯೋ ಜಾಗದ ಬೀಗದ ಕೈ ಯಾರ ಹತ್ರ ಐತೆ?



ಪೋಸ್ಟ್ ಉದ್ದ ಆಗಿದೆ. ಹಾಸ್ಟೆಲ್ ಹುಡುಗರಿಗೆ ಪಾಠ ಹೇಳಿಕೊಡೋರು, ಅಂಬೇಡ್ಕರ್ ಭವನದಲ್ಲಿ ಭಾನುವಾರ ಮಕ್ಕಳನ್ನ ಕೂರಿಸಿಕೊಳ್ಳೋರು, ಬಿಸಿಎ ಓದ್ತಿರೋ ತಮ್ಮಂದಿರು ತಂಗಿಯರು ದಯವಿಟ್ಟು ಪೂರ್ತಿ ಓದಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ನಮ್ಮ ಗೆಳೆಯರ ನಡುವೆ ಕೆಲವು ವಾರದಿಂದ ಒಂದು ಚರ್ಚೆ ನಡೀತಿದೆ. ನಮ್ಮ ಮಕ್ಕಳಿಗೆ ಕೋಡಿಂಗ್ ಕಲಿಸೋಣ ಅನ್ನೋದರಲ್ಲಿ ಯಾರದೂ ತಕರಾರಿಲ್ಲ. ಎಲ್ಲಿ ಕಲಿಸೋದು ಅನ್ನೋದು ಪ್ರಶ್ನೆ. ಯಾವ ಸಾಫ್ಟ್‌ವೇರನ್ನೂ ಇನ್‌ಸ್ಟಾಲ್ ಮಾಡದೆ, ಬ್ರೌಸರ್ ತೆರೆದು ಅದರೊಳಗೇ ಕೋಡ್ ಬರೆದು ಓಡಿಸೋ ವೆಬ್‌ಸೈಟುಗಳು ಬಂದಿವೆ. ಒಬ್ಬರು ರೆಪ್ಲಿಟ್ ಅಂತಾರೆ, ಇನ್ನೊಬ್ಬರು ಗೂಗಲ್ ಕೋಲ್ಯಾಬ್ ಅಂತಾರೆ, ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗರು ಗಿಟ್‌ಹಬ್ ಕೋಡ್‌ಸ್ಪೇಸಸ್ ಅಂತಾರೆ. "ಅಣ್ಣ, ಯಾವುದು ಚೆನ್ನಾಗಿದೆ ಹೇಳಿ" ಅಂತ ನನ್ನನ್ನೂ ಕೇಳಿದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಯಾವುದು ಚೆನ್ನಾಗಿದೆ ಅಂತ ಆಮೇಲೆ ನೋಡೋಣ. ನಾಳೆ ಆ ಕಂಪನಿ ಬಾಗಿಲು ಹಾಕಿದರೆ, ಇಲ್ಲಾ ದುಡ್ಡು ಕಟ್ಟು ಅಂದರೆ, ನಮ್ಮ ಹುಡುಗಿ ಬರೆದದ್ದು ಅವಳ ಕೈಲಿ ಉಳಿಯುತ್ತಾ ಅಂತ ಮೊದಲು ಕೇಳಬೇಕು. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದ ಜಾಗ ಎಷ್ಟೇ ಥಳಕು ಇದ್ರೂ ನಮಗೆ ಬೇಡ.

ಇದು ನಮಗ್ಯಾಕೆ ಅಂತ ಕೇಳೋರಿಗೆ

"ಸ್ಮಶಾನಕ್ಕೆ ಜಾಗ ಇಲ್ಲ, ನೀನು ಕೋಡಿಂಗ್ ಅಂತೀಯಲ್ಲ" ಅಂತ ಹಿರಿಯ ಹೋರಾಟಗಾರರೊಬ್ಬರು ನನಗೆ ಹೇಳಿದರು. ಅವರ ಮಾತಿಗೆ ಗೌರವ ಇದೆ. ಆದರೆ ಇವತ್ತು ನಮ್ಮ ಬದುಕಿನ ಎಷ್ಟು ತೀರ್ಮಾನ ಸಾಫ್ಟ್‌ವೇರ್ ಒಳಗೆ ಆಗ್ತಿದೆ ನೋಡಿ. ಪಹಣಿ ಭೂಮಿ ತಂತ್ರಾಂಶದಲ್ಲಿದೆ. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯ ಕಂಪ್ಯೂಟರಿಂದ ಬರಬೇಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಆಧಾರಲ್ಲಿ ಒಂದು ಇನಿಷಿಯಲ್, ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು ಇದ್ದರೆ ಅಷ್ಟಕ್ಕೇ ಅರ್ಜಿ ನಿಲ್ಲುತ್ತೆ. 2023ರ ಜನವರಿ 1ರಿಂದ ನರೇಗಾ ಕೂಲಿಕಾರರ ಹಾಜರಾತಿಯನ್ನ ಮೊಬೈಲ್ ಆ್ಯಪಲ್ಲೇ ಹಾಕಬೇಕು, ದಿನಕ್ಕೆ ಎರಡು ಫೋಟೋ ಅಂತ ಕಡ್ಡಾಯ ಮಾಡಿದರು. ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದೆ ಹೋದರೆ ಗುಂಡಿ ತೋಡಿದ ಕೂಲಿಗೇ ಕುತ್ತು.

ಈ ಪ್ರೋಗ್ರಾಂ ಬರೆದವರಲ್ಲಿ ಗುದ್ದಲಿ ಹಿಡಿದವರ ಮನೆಯವರು ಎಷ್ಟು ಜನ ಇದ್ದಾರು? "ನೆಟ್‌ವರ್ಕ್ ಇಲ್ಲದಾಗ ಏನು ಮಾಡೋದು?" ಅಂತ ಮೊದಲ ದಿನವೇ ಕೇಳೋ ಮನುಷ್ಯ ಆ ಕೋಣೆಯಲ್ಲಿ ಇರಬೇಕು. ನಮ್ಮ ಮಕ್ಕಳು ಆ ಕೋಣೆಗೆ ಹೋಗಲಿ ಅಂತಲೇ ಈ ಮಾತು. ಸ್ಮಶಾನದ ಹೋರಾಟ ನಡೀಲಿ, ಇದೂ ನಡೀಲಿ.

ಬ್ರೌಸರೇ ಯಾಕೆ?

ನಮ್ಮ ಮಕ್ಕಳ ಹತ್ರ ಲ್ಯಾಪ್‌ಟಾಪ್ ಇಲ್ಲ. ಕೆಲವು ವರ್ಷ ಸರ್ಕಾರ ಪದವಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿತು, ಅದು ಎಲ್ಲ ವರ್ಷವೂ ಎಲ್ಲರಿಗೂ ಸಿಕ್ಕಿದ್ದಲ್ಲ. ಮನೆಗೊಂದು ಸ್ಮಾರ್ಟ್‌ಫೋನ್ ಇರುತ್ತೆ, ಅದೂ ಅಪ್ಪನ ಜೇಬಲ್ಲಿ. ಹೊಗೆಸೊಪ್ಪಿನ ಬ್ಯಾರನ್ ಕೆಲಸಕ್ಕೆ ಹೋದ ಅಪ್ಪ ವಾಪಸ್ ಬರೋದು ಯಾವ ಹೊತ್ತಿಗೋ. ಕಾಲೇಜು ಲ್ಯಾಬಲ್ಲಿ, ಗ್ರಂಥಾಲಯದಲ್ಲಿ ಕಂಪ್ಯೂಟರ್ ಸಿಕ್ಕರೂ ಏನಾದರೂ ಇನ್‌ಸ್ಟಾಲ್ ಮಾಡೋಕೆ ಪಾಸ್‌ವರ್ಡ್ ಕೇಳುತ್ತೆ. ಆ ಪಾಸ್‌ವರ್ಡ್ ಗೊತ್ತಿರೋರು ಸಿಗೋದಿಲ್ಲ.

ಹೀಗಿರುವಾಗ ಬ್ರೌಸರಿನಲ್ಲಿ ಕೋಡ್ ಓಡಿಸೋದು ನಮಗೆ ದೊಡ್ಡ ಅನುಕೂಲ. ಬೆಳಗ್ಗೆ ಕಾಲೇಜಲ್ಲಿ ಬರೆದದ್ದನ್ನ ಸಂಜೆ ಫೋನಲ್ಲಿ ತೆರೆಯಬಹುದು. ಮಾಡಿದ ಕೆಲಸದ ಲಿಂಕ್ ಒಂದನ್ನ ವಾಟ್ಸಾಪಲ್ಲಿ ಕಳಿಸಿದರೆ ಬೆಂಗಳೂರಲ್ಲಿ ಕೂತವರು ನೋಡ್ತಾರೆ. ಕಂಪನಿಯಲ್ಲಿ ಮಾವನೋ ದೊಡ್ಡಪ್ಪನೋ ಇಲ್ಲದ ನಮ್ಮ ಹುಡುಗರಿಗೆ ಆ ಲಿಂಕೇ ಶಿಫಾರಸು ಪತ್ರ. ಸಾಫ್ಟ್‌ವೇರ್ ಲೋಕದಲ್ಲಿ ಜಾತಿ ಇಲ್ಲ ಅಂತ ನಾನು ಹೇಳ್ತಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೇ ಸಿಸ್ಕೋ ಕಂಪನಿ ಮೇಲೆ ಜಾತಿ ತಾರತಮ್ಯದ ದಾವೆ ಹೂಡಿದ್ದನ್ನ ನಾವೆಲ್ಲ ಓದಿದೀವಿ. ಜಾತಿ ಇದೆ ಅಂತ ಗೊತ್ತಿದ್ದೇ ಕೈಯಲ್ಲಿ ಪುರಾವೆ ಇಟ್ಕೊಂಡು ಹೋಗಬೇಕು.

ಎರಡು ಬಗೆ ಇವೆ, ವ್ಯತ್ಯಾಸ ತಿಳ್ಕೊಳ್ಳಿ

ಹೊರಗಿಂದ ಎಲ್ಲ ಒಂದೇ ಥರ ಕಾಣ್ತವೆ. ಒಳಗೆ ಎರಡು ಬಗೆ.

ಒಂದು ಬಗೆಯಲ್ಲಿ ನೀವು ಬರೆದ ಕೋಡ್ ದೂರದ ಕಂಪನಿಯ ಕಂಪ್ಯೂಟರಲ್ಲಿ ಓಡುತ್ತೆ, ನಿಮ್ಮ ಪರದೆ ಮೇಲೆ ಉತ್ತರ ಮಾತ್ರ ಕಾಣುತ್ತೆ. ರೆಪ್ಲಿಟ್, ಕೋಲ್ಯಾಬ್, ಕೋಡ್‌ಸ್ಪೇಸಸ್ ಈ ಬಗೆಯವು. ನಮ್ಮ ಫೋನ್ ಎಷ್ಟೇ ಹಳೇದಾದರೂ ಕೆಲಸ ಅವರ ಯಂತ್ರ ಮಾಡುತ್ತೆ, ಇದು ಲಾಭ. ಆದರೆ ನೆಟ್ ಸದಾ ಇರಬೇಕು, ಖಾತೆ ಬೇಕು, ಅವರು ಹಾಕಿದ ಮಿತಿಯೊಳಗೆ ಇರಬೇಕು. ಕೋಡ್‌ಸ್ಪೇಸಸ್ ಉಚಿತ ಖಾತೆಯಲ್ಲಿ ತೀರಾ ಸಣ್ಣ ಯಂತ್ರವೇ ತಿಂಗಳಿಗೆ 60 ಗಂಟೆ ಮಾತ್ರ. ಕೋಲ್ಯಾಬಲ್ಲಿ ಉಚಿತ ಅವಧಿ ಹೆಚ್ಚೆಂದರೆ 12 ಗಂಟೆ, ಅಷ್ಟು ಸಿಗುತ್ತೆ ಅನ್ನೋ ಭರವಸೆಯೂ ಇಲ್ಲ. ಅವಧಿ ಮುಗಿದ ಮೇಲೆ ನೋಟ್‌ಬುಕ್ ಡ್ರೈವಲ್ಲಿ ಉಳಿಯುತ್ತೆ, ನಡುವೆ ಹಾಕಿದ ಬೇರೆ ಫೈಲುಗಳು ಹೋಗ್ತವೆ.

ಇನ್ನೊಂದು ಬಗೆಯಲ್ಲಿ ಕೋಡ್ ನಿಮ್ಮ ಬ್ರೌಸರಿನೊಳಗೇ ಓಡುತ್ತೆ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಮೊದಲಿಂದಲೂ ಹಾಗೇ. ಪೈಥಾನ್ ಭಾಷೆಯನ್ನೂ ಬ್ರೌಸರಿನೊಳಗೆ ಓಡಿಸೋ ಪಯೋಡೈಡ್ ಅನ್ನೋ ಕೆಲಸವನ್ನ 2018ರಲ್ಲಿ ಮೊಜಿಲ್ಲಾದವರು ಶುರು ಮಾಡಿದರು. ಅದರ ಮೇಲೆ ಕಟ್ಟಿದ ಜೂಪಿಟರ್‌ಲೈಟ್ ಇದೆ. ಖಾತೆ ಬೇಡ, ಓಟಿಪಿ ಬೇಡ, ಕಾರ್ಡ್ ಬೇಡ. ಒಂದು ಸಲ ಪುಟ ಪೂರ್ತಿ ಬಂದ ಮೇಲೆ ನೆಟ್ ಹೋದರೂ ಪಾಠ ನಡೆಯುತ್ತೆ, ಪುಟವನ್ನ ರಿಫ್ರೆಶ್ ಮಾಡದಿದ್ದರೆ ಆಯ್ತು. ಡಿ.ಬಿ.ಕುಪ್ಪೆ ಕಡೆಯ ಹಾಡಿ ಮಕ್ಕಳಿಗೆ ಇದರ ಬೆಲೆ ಗೊತ್ತಾಗುತ್ತೆ. ಇದರಲ್ಲೂ ಕೊರತೆ ಇದೆ. ಮೊದಲ ಸಲ ತೆರೆಯೋಕೆ ಹೊತ್ತು ಹಿಡಿಯುತ್ತೆ, ದೊಡ್ಡ ಕೆಲಸಕ್ಕೆ ಸಾಲದು. ಬರೆದದ್ದು ಆ ಬ್ರೌಸರಿನಲ್ಲೇ ಉಳಿಯೋದರಿಂದ ಹತ್ತು ಜನ ಬಳಸೋ ಕಂಪ್ಯೂಟರಲ್ಲಿ ಯಾರಾದರೂ ಹಿಸ್ಟರಿ ಅಳಿಸಿದರೆ ಎಲ್ಲ ಹೋಯ್ತು. ಆದ್ದರಿಂದ ಎದ್ದೇಳೋ ಮೊದಲು ಫೈಲ್ ಡೌನ್‌ಲೋಡ್ ಮಾಡ್ಕೊಂಡು ಏಳಬೇಕು.

ಎತ್ತಂಗಡಿ ನಮಗೆ ಹೊಸದಲ್ಲ

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಎರಡೇ ವರ್ಷದಲ್ಲಿ ಏನೇನಾಯ್ತು ನೋಡಿ.

ಕ್ಲೌಡ್9 ಅಂತ ಒಂದಿತ್ತು, ಬ್ರೌಸರ್ ಕೋಡಿಂಗಲ್ಲಿ ಹಳೇ ಹೆಸರು. 2016ರಲ್ಲಿ ಅಮೆಜಾನ್ ಕೊಂಡುಕೊಂಡಿತು. 2024ರ ಜುಲೈನಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು.

ಲೋಕದ ತುಂಬ ಮೇಷ್ಟ್ರುಗಳು ರೆಪ್ಲಿಟ್ ನಂಬಿ ಪಾಠ ಕಟ್ಟಿಕೊಂಡಿದ್ದರು. ತರಗತಿಗಳಿಗೆ ಅಂತಲೇ ಇದ್ದ ಟೀಮ್ಸ್ ಫಾರ್ ಎಜುಕೇಶನ್ ಸೌಲಭ್ಯವನ್ನ 2024ರಲ್ಲಿ ನಿಲ್ಲಿಸಿದರು. ಉಚಿತ ಖಾತೆಯ ಮಿತಿಯನ್ನೂ ಬಿಗಿ ಮಾಡಿದರು. ಅದೇ ವರ್ಷ, ಹೇಳಿದರೆ ಸಾಕು ತಾನೇ ಕೋಡ್ ಬರೆಯೋ ಏಜೆಂಟ್ ತಂದರು. ಕಂಪನಿಗೆ ಲಾಭ ಎಲ್ಲಿದೆಯೋ ಅಲ್ಲಿಗೆ ಹೋಯ್ತು. ಅದು ಕಂಪನಿಯ ಧರ್ಮ, ಬೈದು ಪ್ರಯೋಜನ ಇಲ್ಲ.

ಗ್ಲಿಚ್ ಅಂತ ಇನ್ನೊಂದು. ವೆಬ್‌ಸೈಟ್ ಮಾಡೋದನ್ನ ಆಟದ ಥರ ಕಲಿಸ್ತಿತ್ತು, ಬಹಳ ಜನಕ್ಕೆ ಪ್ರೀತಿ. 2022ರಲ್ಲಿ ಫಾಸ್ಟ್ಲಿ ಅನ್ನೋ ಕಂಪನಿ ಕೊಂಡಿತು. 2025ರ ಜುಲೈ 8ಕ್ಕೆ ಅಲ್ಲಿದ್ದ ವೆಬ್‌ಸೈಟುಗಳನ್ನ ಓಡಿಸೋದು ನಿಲ್ಲಿಸಿತು. ಕೋಡ್ ಇಳಿಸಿಕೊಳ್ಳೋಕೆ ಆ ವರ್ಷದ ಕೊನೆವರೆಗೆ ಗಡುವು. ಇಮೇಲ್ ನೋಡದವರ, ಆ ಖಾತೆಯ ಫೋನ್ ನಂಬರ್ ಬದಲಾದವರ ಕೆಲಸದ ಗತಿ ಏನು?

ದೂರದ ಅಮೆರಿಕದ ಮಾತು ಹೋಗಲಿ. ನಮ್ಮ ಕಡೆಯೇ ಒಂದು ಖಾಸಗಿ ತರಬೇತಿ ಸಂಸ್ಥೆಯವರು ನಮ್ಮ ಹುಡುಗರಿಗೆ ಮೂರು ತಿಂಗಳು ಉಚಿತ ಅಂತ ತಮ್ಮದೇ ವೆಬ್‌ಸೈಟಲ್ಲಿ ಖಾತೆ ಮಾಡಿಸಿದ್ದರು. ಮೂರು ತಿಂಗಳ ಮೇಲೆ ದುಡ್ಡು ಕಟ್ಟು ಅಂತ ಪರದೆ ಬಂತು. ಹುಡುಗರು ಬರೆದದ್ದು ಆ ಪರದೆ ಹಿಂದೆ ಉಳೀತು. ಡೌನ್‌ಲೋಡ್ ಬಟನ್ನೇ ಇರಲಿಲ್ಲ.

ಇದನ್ನ ಓದಿದಾಗ ನಮ್ಮ ಭಾಗದವರಿಗೆ ಏನು ನೆನಪಾಗಬೇಕು? ನಮ್ಮ ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂತ ಫಾರಂ 7 ಹಾಕಿದ ಗೇಣಿದಾರರು ಭೂಮಿ ಪಡೆದರು. ದೊಡ್ಡ ಕೆಲಸ ಅದು. ಆದರೆ ಬಾಯಿ ಮಾತಿನ ಮೇಲೆ ಉಳ್ತಿದ್ದವರು, ಗೇಣಿ ರಸೀದಿ ಇಲ್ಲದವರು ತಾವು ಉತ್ತಿದ್ದನ್ನ ಸಾಬೀತು ಮಾಡೋಕೆ ಪರದಾಡಿದರು. ಜೀತಕ್ಕಿದ್ದ, ಕೂಲಿಗಿದ್ದ ನಮ್ಮ ಎಷ್ಟೋ ತಾತಂದಿರಿಗೆ ತೋರಿಸೋಕೆ ಕಾಗದವೇ ಇರಲಿಲ್ಲ. ನಾಗರಹೊಳೆಯಿಂದ ಹೊರಗೆ ಹಾಕಿಸಿಕೊಂಡ ಜೇನುಕುರುಬರು 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಇಲ್ಲೇ ಬಾಳಿದ್ದೆವು ಅಂತ ದಾಖಲೆ ತೋರಿಸಿ ಅಲೀತಿದಾರೆ.

ಹೊಲಕ್ಕೂ ವೆಬ್‌ಸೈಟಿಗೂ ಸಮ ಅಂತ ನಾನು ಹೇಳ್ತಿಲ್ಲ. ಹೊಲ ಹೋದವನ ಸಂಕಟವೇ ಬೇರೆ. ಆದರೆ ಗುಮಾಸ್ತನಾಗಿ ಕಡತಗಳ ನಡುವೆ ಕೂತು ಕಲಿತ ಪಾಠ ಎರಡಕ್ಕೂ ಹೊಂದುತ್ತೆ. ನಕಲು ಇಟ್ಕೊಳ್ಳದೆ ಯಾರ ಮೇಜಿಗೂ ಕಾಗದ ಕೊಡಬಾರದು. ಇನ್ನೊಬ್ಬರ ಜಾಗದಲ್ಲಿ ಕೂತು ಕೆಲಸ ಮಾಡೋದು ತಪ್ಪಲ್ಲ, ಅನಿವಾರ್ಯ. ಕೆಲಸದ ಪ್ರತಿ ನಮ್ಮ ಹತ್ರ ಇರಬೇಕು, ಅಷ್ಟೇ.

ಆಯ್ಕೆ ಮಾಡೋ ಮೊದಲು ಈ ಆರು ಪ್ರಶ್ನೆ ಕೇಳಿ

1. ಖಾತೆ ಇಲ್ಲದೆ ಮೊದಲ ಪಾಠ ಶುರು ಮಾಡಬಹುದಾ? ಮೂವತ್ತು ಮಕ್ಕಳಿಗೆ ಖಾತೆ ಮಾಡಿಸೋದರಲ್ಲೇ ಭಾನುವಾರ ಮುಗಿದು ಹೋಗುತ್ತೆ. ಒಂದೇ ಫೋನ್ ನಂಬರಿಗೆ ಹಲವು ಖಾತೆ ಮಾಡಿಸೋಕೆ ಹೋದರೆ ತಡೀತಾರೆ. 2023ರಿಂದ ಗಿಟ್‌ಹಬ್ ಎರಡು ಹಂತದ ಗುರುತು ಕೇಳ್ತಿದೆ. ಸ್ವಂತ ಫೋನ್ ಇದ್ದವರಿಗೆ ಇದು ಒಳ್ಳೇ ಭದ್ರತೆ. ಅಪ್ಪನ ಫೋನ್ ನಂಬಿದ ಹುಡುಗಿಗೆ ಅದೇ ಅಡ್ಡಗೋಡೆ.

2. ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್ ನಂಬರ್ ಕೇಳುತ್ತಾ? ಕೇಳಿದರೆ ಅಲ್ಲಿಗೇ ಬಿಡಿ, "ಈಗ ಕಟ್ ಆಗಲ್ಲ" ಅಂತ ಹೇಳಿದ್ರೂ ಬಿಡಿ.

3. ಹಳೇ ಫೋನಲ್ಲಿ ತೆರೆಯುತ್ತಾ? ಕಲಿಸೋರು ತಮ್ಮ ಲ್ಯಾಪ್‌ಟಾಪಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ತರಗತಿಯಲ್ಲಿ ಎಲ್ಲಕ್ಕಿಂತ ಹಳೇ ಫೋನ್ ಯಾರದಿದೆಯೋ ಅದರಲ್ಲಿ ತೆರೆದು ನೋಡಿ.

4. ಬರೆದದ್ದನ್ನ ಸಾಮಾನ್ಯ ಫೈಲಾಗಿ ಇಳಿಸಿಕೊಳ್ಳಬಹುದಾ? ಆ ಫೈಲ್ ಬೇರೆ ಜಾಗದಲ್ಲಿ ಓಡುತ್ತಾ? ಮೊದಲ ವಾರವೇ ಮಾಡಿ ನೋಡಿ.

5. ಎಲ್ಲರಿಗೂ ಕಾಣೋ ಹಾಗೆ ಇಡಬೇಕಾ, ಮುಚ್ಚಿಡೋ ಅವಕಾಶ ಇದೆಯಾ? ಕೆಲವು ಕಡೆ ಉಚಿತ ಖಾತೆಯ ಕೆಲಸ ಎಲ್ಲ ಬಹಿರಂಗ. ಹೆಣ್ಣುಮಕ್ಕಳ ಪೂರ್ತಿ ಹೆಸರು, ಊರು, ಫೋಟೋ ಅಲ್ಲಿ ಬೇಡ. ಯಾವ ಹೆಸರಲ್ಲಿ ಕಾಣಿಸಬೇಕು ಅಂತ ಮಗುವೇ ತೀರ್ಮಾನ ಮಾಡಲಿ.

6. ಎಐ ತಾನೇ ಬರೆದು ಕೊಡೋದನ್ನ ನಿಲ್ಲಿಸೋ ಗುಂಡಿ ಇದೆಯಾ?

ಕೊನೇ ಪ್ರಶ್ನೆ ಬಗ್ಗೆ ಎರಡು ಮಾತು. "ಈಗ ಎಐ ಕೋಡ್ ಬರೆಯುತ್ತೆ, ಕಲಿಯೋದ್ಯಾಕೆ?" ಅನ್ನೋರು ಬಹಳ ಆಗಿದಾರೆ. ನಮ್ಮವರಿಗೆ ಓದು ಯಾಕೆ ಅಂತ ಪ್ರತಿ ತಲೆಮಾರಿಗೂ ಒಂದೊಂದು ಕಾರಣ ಹೇಳ್ತಾನೇ ಬಂದಿದಾರೆ. ಎಐ ಬರೆದದ್ದು ಸರಿಯೋ ತಪ್ಪೋ ಅಂತ ನೋಡೋಕೂ ಕೋಡ್ ಓದೋಕೆ ಬರಬೇಕು. ಅರ್ಜಿ ಬರೆಸಿಕೊಂಡವನಿಗೆ ಓದೋಕೆ ಬರದಿದ್ದರೆ ಏನಾಗುತ್ತೆ ಅಂತ ತಾಲ್ಲೂಕು ಕಚೇರಿ ಮುಂದೆ ನಿಂತವರಿಗೆಲ್ಲ ಗೊತ್ತು. ಕೈ ಕುದುರಿದ ಮೇಲೆ ಎಐ ಬಳಸಲಿ, ಯಾರು ಬೇಡ ಅಂದರು? ಮೊದಲ ಆರು ತಿಂಗಳು ತಾವೇ ಬರೀಲಿ, ತಪ್ಪು ಮಾಡಲಿ, ತಿದ್ದಲಿ.

ಹಾಗಾದ್ರೆ ನಾನು ಹೇಳೋದೇನು?

ಒಂದೇ ಹೆಸರಿಗೆ ಜೋತು ಬೀಳೋದು ಬೇಡ. ಮೂರು ಮೆಟ್ಟಿಲಲ್ಲಿ ಹೋಗೋಣ.

ಮೊದಲ ಮೆಟ್ಟಿಲು, ಬ್ರೌಸರಿನೊಳಗೇ ಓಡೋವು. ಎಚ್‌ಟಿಎಂಎಲ್‌ನಲ್ಲಿ ತಮ್ಮ ಊರಿನ ಪುಟ, ಜೂಪಿಟರ್‌ಲೈಟಲ್ಲಿ ಪೈಥಾನ್. ಇಂಗ್ಲಿಷ್ ಭಯ ಇರೋ ಮಕ್ಕಳಿಗೆ ಒಂದು ಸಿಹಿ ಸುದ್ದಿ. ಪೈಥಾನಲ್ಲಿ ನಾವು ಇಡೋ ಹೆಸರುಗಳು ಕನ್ನಡದಲ್ಲೇ ಇರಬಹುದು. ಕೂಲಿ = 370, ದಿನ = 12 ಅಂತ ಕನ್ನಡದಲ್ಲೇ ಬರೆದು, ಕೂಲಿಯನ್ನ ದಿನದಿಂದ ಗುಣಿಸಿ ಪ್ರಿಂಟ್ ಮಾಡು ಅಂದರೆ 4440 ಅಂತ ಬರುತ್ತೆ. 370 ಅನ್ನೋದು 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ. ಅಮ್ಮನ ಖಾತೆಗೆ ಬಂದ ದುಡ್ಡು ಲೆಕ್ಕಕ್ಕೆ ಸರಿಯಿದೆಯಾ ಅಂತ ಮಗಳು ನೋಡಲಿ. ಹೊಗೆಸೊಪ್ಪಿನ ಬೇಲ್ ತೂಕ, ಹರಾಜಿನ ದರ, ಸಾಲದ ಬಡ್ಡಿ, ಪಾಠಕ್ಕೆ ಬೇಕಾದ ಲೆಕ್ಕ ಎಲ್ಲ ನಮ್ಮ ಮನೇಲೇ ಇದೆ.

ಎರಡನೇ ಮೆಟ್ಟಿಲು, ಕೋಲ್ಯಾಬ್. ಪದವಿಗೆ ಬಂದವರಿಗೆ, ಜಿಮೇಲ್ ಇರೋರಿಗೆ. ದತ್ತಾಂಶದ ಕೆಲಸ ಕಲಿಯೋಕೆ ಒಳ್ಳೇದು, ನೋಟ್‌ಬುಕ್ ಇಳಿಸಿಕೊಳ್ಳಬಹುದು, ಬೇರೆ ಕಡೆಯೂ ತೆರೆಯುತ್ತೆ.

ಮೂರನೇ ಮೆಟ್ಟಿಲು, ಕೆಲಸ ಹುಡುಕೋ ಹಂತದವರಿಗೆ ಗಿಟ್‌ಹಬ್. ಕೋಡ್ ಅಲ್ಲಿಡಿ, ಬೇಕಾದಾಗ ಕೋಡ್‌ಸ್ಪೇಸಸ್ ಬಳಸಿ. ಗಿಟ್ ಕಲಿತರೆ ಪೂರ್ತಿ ಕೆಲಸವನ್ನ ಅದರ ಚರಿತ್ರೆ ಸಮೇತ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಗಿಟ್‌ಹಬ್ ಒಂದು ಕಂಪನಿ, ಗಿಟ್ ಯಾರ ಸ್ವತ್ತೂ ಅಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಹೇಳಿಕೊಡಿ.

ಮೂರು ಮೆಟ್ಟಿಲಿಗೂ ಒಂದೇ ನಿಯಮ. ತಿಂಗಳ ಕೊನೇ ಭಾನುವಾರ ಎಲ್ಲರ ಕೆಲಸ ಇಳಿಸಿ, ಒಂದು ಪೆನ್‌ಡ್ರೈವ್ ಕೇಂದ್ರದಲ್ಲಿ, ಒಂದು ಪ್ರತಿ ಮಗುವಿನ ಹತ್ರ. ಹಾಜರಿ ಪುಸ್ತಕದ ಥರ ಇದಕ್ಕೂ ಒಂದು ಪುಸ್ತಕ ಇಡಿ.

ಬ್ರೌಸರ್ ಸಿಕ್ಕಿತು ಅಂತ ಸರ್ಕಾರವನ್ನ ಬಿಡಬೇಡಿ

ಇದನ್ನ ಒತ್ತಿ ಹೇಳ್ತೀನಿ. ಫೋನಲ್ಲಿ ಕೋಡಿಂಗ್ ಮಾಡಬಹುದು ಅಂತ ನಾವೇ ಹೇಳಿಬಿಟ್ಟರೆ, "ಫೋನ್ ಸಾಕಲ್ವಾ, ಕಂಪ್ಯೂಟರ್ ಯಾಕೆ" ಅಂತಾರೆ. ಮೇಲ್ವರ್ಗದ ಮಕ್ಕಳು ದೊಡ್ಡ ಪರದೆ, ಕೀಬೋರ್ಡ್ ಇಟ್ಕೊಂಡು ಕಲೀಬೇಕು, ನಮ್ಮವು ಬೆರಳತುದಿಯಲ್ಲಿ ಒತ್ತಿಕೊಂಡು ಕೂರಬೇಕಾ?

ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಕೇರಳದವರು ಐಟಿ ಅಟ್ ಸ್ಕೂಲ್ ಅಂತ ಶುರು ಮಾಡಿ, ಈಗ ಕೈಟ್ ಅನ್ನೋ ಸರ್ಕಾರಿ ಸಂಸ್ಥೆ ಮೂಲಕ ಶಾಲೆಗಳ ಕಂಪ್ಯೂಟರುಗಳನ್ನ ಸ್ವತಂತ್ರ ತಂತ್ರಾಂಶದ ಮೇಲೆ ನಡೆಸ್ತಿದಾರೆ. ಲೈಸೆನ್ಸ್ ದುಡ್ಡಿಲ್ಲ, ಕಂಪನಿ ಬಾಗಿಲು ಹಾಕ್ತು ಅನ್ನೋ ಭಯವಿಲ್ಲ. ನಮ್ಮ ಬೆಂಗಳೂರಲ್ಲೇ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಗೆಳೆಯರು ಬಾಬಾಸಾಹೇಬರ ಹೆಸರಲ್ಲಿ ಕಂಪ್ಯೂಟರ್ ಕೇಂದ್ರ ಕಟ್ಟಿ ಮಕ್ಕಳಿಗೆ ಲಿನಕ್ಸ್ ಮೇಲೆ ಕಲಿಸಿದರು. ಹಾಗಾಗಿ ಬ್ರೌಸರ್ ನಮಗೆ ಬಾಗಿಲು, ಸ್ವಂತ ಕಂಪ್ಯೂಟರ್ ಕೋಣೆ ನಮ್ಮ ಗುರಿ.

ಜಾಗ ಆಗಲೇ ಇದೆ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ರಾಜ್ಯದಲ್ಲಿ 5,600ಕ್ಕೂ ಹೆಚ್ಚಿವೆ, ಈಗ ಅರಿವು ಕೇಂದ್ರ ಅಂತ ಕರೀತಾರೆ. ಬಹಳ ಕಡೆ ಕಂಪ್ಯೂಟರ್ ಬಂದಿವೆ. ನಿಮ್ಮ ಊರಿನದು ಯಾವಾಗ ತೆರೆಯುತ್ತೆ, ನೆಟ್ ಇದೆಯಾ, ನಮ್ಮ ಕೇರಿ ಮಕ್ಕಳು ಒಳಗೆ ಕೂರ್ತಿದಾರಾ ಅಂತ ಹೋಗಿ ನೋಡಿ. ಮಹಾಡಿನ ಚೌದಾರ್ ಕೆರೆ 1924ರಲ್ಲೇ ಪುರಸಭೆ ಠರಾವಿನಂತೆ ಎಲ್ಲರದೂ ಆಗಿತ್ತು. ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಬೇಕಾಯ್ತು. ಕಾಗದದಲ್ಲಿ ಇರೋ ಕಂಪ್ಯೂಟರಿಗೂ ನಾವು ನಡೆದು ಹೋಗಬೇಕು.

ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ತಗೊಳ್ಳಿ. ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲಿಗೂ ಕಂಪ್ಯೂಟರ್ ಕೋಣೆ, ನೆಟ್, ರಾತ್ರಿ 9ರವರೆಗೆ ತೆರೆದಿಡೋ ಆದೇಶ ಬೇಕು. ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಆ ದುಡ್ಡನ್ನ ಬೇರೆಡೆಗೆ ತಿರುಗಿಸೋಕೆ ದಾರಿ ಮಾಡಿದ್ದ 7ಡಿ ಕಲಂ 2023ರಲ್ಲಿ ಹೋಯ್ತು. ಇನ್ನು ದುಡ್ಡಿಲ್ಲ ಅನ್ನೋ ಮಾತು ನಡೆಯಬಾರದು.

ಬೆಂಗಳೂರು, ಮೈಸೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ತಮ್ಮಂದಿರು ತಂಗಿಯರಿಗೆ ಒಂದು ಕೋರಿಕೆ. ಏಪ್ರಿಲ್ 14ಕ್ಕೆ ಬ್ಯಾನರಿಗೆ ದುಡ್ಡು ಕೊಡ್ತೀರಿ, ಸಂತೋಷ. ತಿಂಗಳಿಗೆ ಎರಡು ಗಂಟೆ ಕೊಡಿ. ವೀಡಿಯೋ ಕರೆಯಲ್ಲಿ ಒಬ್ಬ ಹುಡುಗಿಯ ಕೋಡ್ ಓದಿ, ಎಲ್ಲಿ ತಪ್ಪಿದೆ ತೋರಿಸಿ.

ಮುಂದಿನ ಭಾನುವಾರದ ಪಾಠಕ್ಕೆ ಹೋಗೋರು ಇವತ್ತೇ ನಿಮ್ಮ ಕೇಂದ್ರದ ಹಳೇ ಫೋನೊಂದರಲ್ಲಿ ಜೂಪಿಟರ್‌ಲೈಟ್ ತೆರೆದು ನೋಡಿ, ಎಷ್ಟು ಹೊತ್ತು ಹಿಡೀತು, ಓಡಿತಾ ಇಲ್ವಾ ಅಂತ ನಾಲ್ಕೂ ತಾಲ್ಲೂಕಿನವರು ನನಗೆ ತಿಳಿಸಿ. ಅದನ್ನ ನೋಡಿಕೊಂಡು ಪಾಠದ ಪಟ್ಟಿ ಮಾಡೋಣ.

ಜೈಭೀಮ್.